ಗೌಡ್ರ ಮನೀಗೆ ಹೋಗೋ ಕಾರ್ಡು

ಹೊಸಪೇಟೆ
2-6-1979

ಪೋಸ್ಟ್‌ಮ್ಯಾನ್ ಹೊನ್ನೂರಪ್ಪ ಮಾಮಾರಿಗೆ, ಎರ್ರೆಮ್ಮನ ಮಗಳು ಹುಲಿಗೆಮ್ಮ ಮಾಡೋ ಶರಣು.

ಈ ಕಾಗದ ನಿಮಗಷ್ಟ ಬರದದ್ದು. ಅವ್ವನ ಹೆಸರಿಗೆ ಬ್ಯಾರೆ ಒಂದು ಕಾರ್ಡು ಹಾಕೀನಿ. ಅದನ್ನ ಯಾವತ್ತಿನಂಗ ಗೌಡ್ರ ಮನೀಗೇ ಕೊಡ್ರಿ. ಗೌಡಸಾನಿಯವರು ಅವ್ವನ್ನ ಕರದು ಓದಿ ಹೇಳ್ಲಿ. ಎಸ್ಸೆಸ್ಸೆಲ್ಸಿ ನಪಾಸಾದೆ, ಚಿಕ್ಕವ್ವನ ಮನ್ಯಾಗ ಇದ್ದು ಅಕ್ಟೋಬರಿಗೆ ಮತ್ತ ಕಟ್ಟತೀನಿ ಅಂತ ಅದರಾಗ ಬರದೀನಿ.

ಅದು ಸುಳ್ಳು ಮಾಮಾ. ನಾನು ಫಸ್ಟ್ ಕ್ಲಾಸಿನಾಗ ಪಾಸಾಗೀನಿ. ಇಲ್ಲೇ ಕಾಲೇಜಿಗೆ ಹೆಸರು ಹಚ್ತೀನಿ.

ಗೌಡ್ರ ಮಗ ಈ ಸಲಾನೂ ನಪಾಸು. ಕಂಪ್ಲಿಯಿಂದ ಮೇಷ್ಟ್ರು ಮನೀಗೇ ಬಂದು ಹೇಳಿಕೊಡ್ತಿದ್ರು, ಆದ್ರೂ ನಪಾಸು. ಹೋದ ವರ್ಷ ಹಿಂಗ ಅವ ನಪಾಸಾಗಿ ನಾನು ಒಂಬತ್ತನೇದು ಪಾಸಾದಾಗ, ಅವ್ವ ಊರಿಗೆಲ್ಲ ಬೆಲ್ಲ ಹಂಚಿದ್ಲು. ನೀವೂ ತಿಂದೀರಿ. ಮರುದಿನದಿಂದ ಆಕೀಗೆ ಕೂಲಿ ಇಲ್ಲ. ಕಾಲುವಿಗೆ ನೀರು ಬಂದು ಊರೆಲ್ಲ ನಾಟಿ ಹಚ್ಚುವಾಗ ಆಕಿ ಒಬ್ಬಾಕೀನೇ ಗುಡಿಸಲಾಗ ಕುಂತಿದ್ಲು. ನಾನು ಸಾಲಿ ತಪ್ಪಿಸಿ ಗೌಡಸಾನಿಯವರ ಮನೀ ಮುಸುರಿ ತಿಕ್ಕಿದಮ್ಯಾಲೇ ಅವ್ವನ್ನ ಕೆಲಸಕ್ಕ ಕರದದ್ದು.

ಅದಕ್ಕ, ಕಾರ್ಡು ಕೊಡೂಕಿಂತ ಮೊದಲು ಅವ್ವ ಕಾಲುವಿ ಏರಿ ಮ್ಯಾಲೆ ಸಿಕ್ಕಾಗ ಖರೇದು ಹೇಳ್ರಿ. ಬೆಲ್ಲದ ಸುದ್ದಿಗೇ ಹೋಗಬ್ಯಾಡ ಅನ್ರಿ. ಗೌಡಸಾನಿಯವರು ಓದುವಾಗ ಅವ್ವ ಅವರ ಮುಂದ ಅಳಬೇಕು. ಅಳು ಬರಲಿಲ್ಲಂದ್ರ, ನನ್ನ ಮಗಳು ಪಾಸಾಗ್ಯಾಳ ಅಂತ ಒಳಗೊಳಗ ನೆನಸಿಕೊಳ್ಳಲಿ. ತಾನಾಗೇ ಬರ್ತೈತಿ.

ನಿಮ್ಮ ಮಗಳಂಥಾಕಿ,
ಹುಲಿಗೆಮ್ಮ