ಕೆಂಪು ಬಟ್ಟಲಿನ ಹೊಗೆ

ಮಾರ್ಚ್ ೧೯, ಗುರುವಾರ

ಅಳಿಸಿದ ಚಿತ್ರ ಇನ್ನು ಸಿಗುವುದಿಲ್ಲ. ಮಧ್ಯಾಹ್ನದಿಂದ ಅದೇ ಕೊರೆಯುತ್ತಿದೆ.

ಭಾನುವಾರ ತೋಟದಲ್ಲಿ ಪ್ರಿಮ್‌ರೋಸ್ ಹೂಗಳ ಫೋಟೋ ತೆಗೆದು ಮುಗಿಸಿ, ಕೊಳೆತ ಕೊಂಬೆಯ ಮೇಲಿನ ಕೆಂಪು ಬಟ್ಟಲಣಬೆಗೆ ತೀರಾ ಹತ್ತಿರದಿಂದ ಕ್ಯಾಮೆರಾ ಹಿಡಿದಿದ್ದೆ. ನೆರಳಿಗೆ ಬೆಳಕು ಬೀಳಲೆಂದು ಐವರ್ ಬಿಳಿ ರಟ್ಟು ಹಿಡಿದು, ನೋಯುವ ಮಂಡಿಯನ್ನೇ ಊರಿ ಪಕ್ಕದಲ್ಲಿ ಕೂತಿದ್ದ. ಕ್ಲಿಕ್ಕಿಸುವ ಹೊತ್ತಿಗೆ ಸರಿಯಾಗಿ ಅಣಬೆಯ ಮೇಲೆ ಮಬ್ಬು ಕವಿಯಿತು.

"ಎಷ್ಟು ಸಲ ಹೇಳ್ಲಿ, ಉಸಿರು ಬಿಡಬೇಡ ಅಂತ!" ಎಂದು ರೇಗಿದೆ.

"ಮದುವೆ ಆದಾಗಿಂದ ಉಸಿರು ಬಿಗಿಹಿಡ್ಕೊಂಡೇ ಇದ್ದೀನಲ್ಲೇ," ಎಂದು ನಕ್ಕ. ನಾನು ನಗಲಿಲ್ಲ. ಅವನ ಕಣ್ಣೆದುರೇ ಚಿತ್ರ ಅಳಿಸಿದೆ. ರಟ್ಟನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದವನು ಮತ್ತೆ ತೋಟಕ್ಕೆ ಬಂದಿಲ್ಲ.

ಇವತ್ತು ಅಣಬೆ ಬಳಗದ ಡಿಲಿಸ್ ಹತ್ತಿರ ಇದನ್ನೇ ದೂರಿಕೊಂಡೆ.

"ಅಯ್ಯೋ ಪೆದ್ದಿ, ಅದು ಬಾಯಿಂದ ಬಂದ ಮಬ್ಬಲ್ಲ ಕಣೇ! ಉಸಿರು ತಾಗಿದ್ರೆ ಆ ಅಣಬೆ ತನ್ನ ಬೀಜದ ಪುಡೀನ ಹೊಗೆ ಥರ ಉಗುಳತ್ತೆ. ಅದೊಂದು ಫೋಟೋಗೆ ನಾನು ಆರು ವಸಂತ ಕಾದಿದ್ದೀನಿ."

ಸಂಜೆ ಒಬ್ಬಳೇ ಹೋಗಿ ಅಣಬೆಯ ಮೇಲೆ ಊದಿದೆ. ಏನೂ ಬರಲಿಲ್ಲ. ರಟ್ಟು ಇನ್ನೂ ಬೆಂಚಿನ ಮೇಲೇ ಇತ್ತು, ಇಬ್ಬನಿಗೆ ಮೆತ್ತಗಾಗಿತ್ತು.

ಐವರ್ ಕೆಳಗೆ ರೇಡಿಯೋ ಕೇಳುತ್ತಿದ್ದಾನೆ. ಹೋಗಿ ಹೇಳಬೇಕು. ಎರಡು ಸಲ ಮೆಟ್ಟಿಲವರೆಗೂ ಹೋಗಿ ನಿಂತೆ, ಉಸಿರು ಬಿಗಿಹಿಡಿದು…