ತಿಂಗಳಿಗೊಮ್ಮೆ ಕೆಡುವ ಒಲೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಬೆನ್ನುನೋವು ಹೇಗಿದೆ? ಬ್ಯಾಂಕಿನಲ್ಲಿ ಆ ಕುರ್ಚಿ ಬದಲಿಸಿಕೊಟ್ಟರೇ? ನಾವಿಲ್ಲಿ ಕ್ಷೇಮ. ನಿನ್ನ ಭಾವ ಹೊಸ ಕನ್ನಡಕ ಮಾಡಿಸಿಕೊಂಡು, ಹಳೆಯದರಲ್ಲೇ ಚೆನ್ನಾಗಿ ಕಾಣುತ್ತಿತ್ತು ಎಂದು ಗೊಣಗುತ್ತಿದ್ದಾರೆ.

ನಿನ್ನೆ ನಿನ್ನ ಗಂಡನ ಬೇಕರಿಗೆ ಹೋಗಿದ್ದೆ. ನಿನಗೆ ಆ ಊರಿಗೆ ವರ್ಗವಾದಾಗಿನಿಂದ, ಅಂಡ ಬಿಡುಗಡೆಯ ದಿನ ತಿಳಿಸುವ ಪರೀಕ್ಷೆಯ ಪಟ್ಟಿಯಲ್ಲಿ ಗೆರೆ ಕಂಡು ‘ಇವತ್ತೇ ಬನ್ನಿ’ ಎಂದು ನೀನು ಫೋನ್ ಮಾಡಿದಾಗಲೆಲ್ಲ ಅವರು ‘ಒಲೆ ಕೆಟ್ಟಿದೆ’ ಎಂಬ ಬೋರ್ಡು ತಗುಲಿಸಿ ಬಸ್ಸು ಹತ್ತುತ್ತಾರಲ್ಲ, ಬೀದಿಗೆಲ್ಲ ಅದು ಬಾಯಿಪಾಠವಾಗಿದೆ. ಎದುರಿನ ಔಷಧಿ ಅಂಗಡಿಯಾತ ನನ್ನ ಮುಂದೆಯೇ, ‘ಏನ್ ಸ್ವಾಮಿ, ತಪ್ಪದೆ ತಿಂಗಳಿಗೊಂದ್ಸಲ ಕೆಡುತ್ತಲ್ಲ, ಮಾರಿಬಿಡಿ ಆ ಒಲೆನ’ ಎಂದ. ನಿನ್ನ ಗಂಡ ನಕ್ಕರು. ಆಮೇಲೆ ಹಿಟ್ಟು ನಾದುತ್ತ, ನನ್ನ ಮುಖ ನೋಡದೆ, ‘ಅಕ್ಕಾ, ನಾನವಳಿಗೆ ಗಂಡನಾ, ಮದ್ದಾ? ಹೊತ್ತಿಗೆ ಸರಿಯಾಗಿ ತಗೊಳ್ಳೋಕೆ’ ಎಂದರು. ಉಳಿದದ್ದನ್ನು ನೀನೇ ಅಳುತ್ತ ಹೇಳಿದ್ದೆಯಲ್ಲ: ಹೋದ ಸಲ ಅವರ ಮೈ ಒಪ್ಪಲಿಲ್ಲ, ‘ಇಷ್ಟಕ್ಕಾ ಅಷ್ಟು ದೂರದಿಂದ ಬಂದಿದ್ದು?’ ಎಂದು ನಿನ್ನ ಬಾಯಿಂದ ಬಂದುಬಿಟ್ಟಿತು, ಅವರು ಅದೇ ಸಂಜೆ ಹೊರಟರು, ಅಂದಿನಿಂದ ಮಾತಿಲ್ಲ.

ಬೈಯಲು ಬರೆಯುತ್ತಿಲ್ಲ, ಪುಟ್ಟೀ. ಪ್ರತಿ ತಿಂಗಳೂ ಬಟ್ಟೆ ಕಲೆಯಾದಾಗ ನಿನಗೇನಾಗುತ್ತದೆ ಎಂದು ಬಲ್ಲೆ. ನನ್ನ ಜೊತೆ ಓದಿದ ಹೆರಿಗೆ ಡಾಕ್ಟರನ್ನು ಕೇಳಿದೆ. ಶಕ್ತಿ ಕೂಡಿಡಬೇಕೆಂದು ನೀವು ವಾರಗಟ್ಟಲೆ ದೂರವಿದ್ದು ಆ ಒಂದೇ ದಿನ ಸೇರುತ್ತೀರಿ ಎಂದದ್ದೇ ಅವಳು ಹಣೆ ಚಚ್ಚಿಕೊಂಡಳು. ‘ಬ್ಯಾಂಕಿನವಳಲ್ವಾ ನಿನ್ನ ತಂಗಿ, ಕೂಡಿಟ್ರೆ ಇದಕ್ಕೂ ಬಡ್ಡಿ ಬರುತ್ತೆ ಅಂದ್ಕೊಂಡ್ಲಾ? ಅಂಡ ಒಂದು ದಿನಕ್ಕಿಂತ ಉಳಿಯಲ್ಲ ಕಣೇ. ಗಂಡಿನ ಬೀಜ ನಾಕೈದು ದಿನ ಒಳಗೇ ಕಾದಿರಬಲ್ಲದು. ಗೆರೆ ಕಾಣೋ ಮುಂಚಿನಿಂದ್ಲೇ ದಿನ ಬಿಟ್ಟು ದಿನ ಸೇರ್ಲಿ, ಸಾಕು. ಆರು ತಿಂಗಳು ಹೀಗಿದ್ದೂ ಆಗ್ಲಿಲ್ಲ ಅಂದ್ರೆ ಇಬ್ರೂ ನನ್ ಹತ್ರ ಬರ್ಲಿ’ ಎಂದಳು.

ಕವಿತೆ ಓದುವಾಗ, ಅರ್ಥ ಈಗಲೇ ಹೊಳೆಯಲಿ ಎಂದು ಸಾಲನ್ನು ದಿಟ್ಟಿಸುತ್ತ ಕೂತರೆ ನನಗೆ ಬರೀ ಅಕ್ಷರಗಳು ಕಾಣುತ್ತವೆ. ನಿಮಗೂ ಹಾಗೇ ಆಗಿದೆಯೇನೋ. ಮದುವೆಯಾದ ಹೊಸದರಲ್ಲಿ ಅವರು ಹುಬ್ಬಿಗೆ ಮೈದಾ ಮೆತ್ತಿಕೊಂಡೇ ಊಟಕ್ಕೆ ಬಂದರೆ ನೀನು ಸೆರಗಿನಿಂದ ಒರೆಸುತ್ತಿದ್ದೆ. ನಾವೆಲ್ಲ ತಟ್ಟೆಯ ಮುಂದೆ ಕೂತಿದ್ದೇವೆ ಎಂಬುದೇ ನಿಮಗೆ ಮರೆತುಹೋಗುತ್ತಿತ್ತು. ಮಗು ಬೇಕು, ನಿಜ. ಅದಕ್ಕೆ ಮೊದಲು ನೀವಿಬ್ಬರೂ ಒಬ್ಬರಿಗೊಬ್ಬರು ಬೇಕು.

ಹೊತ್ತಿಗೆ ಸರಿಯಾಗಿ ಉಣ್ಣು. ತಲೆ ಸವರಿ ಮುಗಿಸುತ್ತೇನೆ.

ನಿನ್ನ
ಅಕ್ಕ

ಮರೆತೆ: ಲಕೋಟೆಗೆ ಅಂಚೆಚೀಟಿ ಇಲ್ಲದ್ದು ನೋಡಿದೆಯಾ? ಇದನ್ನು ತಂದವರು, ನಿನ್ನ ಕೋಣೆಯ ಕೆಳಗಿನ ದರ್ಜಿಯ ಕೈಲಿ ಮೇಲಕ್ಕೆ ಕಳಿಸಿ, ತಾವು ಮೆಟ್ಟಿಲ ಬಳಿ ನಿಂತಿರುತ್ತಾರೆ. ಎರಡು ವಾರ ಇರುತ್ತಾರೆ. ಇಲ್ಲಿ ಅವರ ತಮ್ಮ ಹಿಟ್ಟು ನಾದುತ್ತಾನೆ, ನಾನು ಗಲ್ಲಾದಲ್ಲಿ ಕೂರುತ್ತೇನೆ. ತಿಂಗಳ ಲೆಕ್ಕದಲ್ಲಿ ಇವತ್ತು ನಿನಗೆ ಎಂಥ ದಿನ ಎಂದು ಅವರಿಗೆ ಗೊತ್ತಿಲ್ಲ. ನೀನೂ ಹೇಳಬೇಡ. ಬೇಗ ಇಳಿದು ಹೋಗು.