ವಿಶಾಖಾ ಬರೆದ ಐದು ಗಡಿಯಾರ

ಸಿದ್ಧೇಶ್ವರ ಗುಡಿ ಓಣಿ, ವಿಜಯಪುರ
8 ಡಿಸೆಂಬರ್ 2025, ಸೋಮವಾರ

ಪ್ರೀತಿಯ ಕಸ್ತೂರಿಗೆ,

ಎಲ್ಲರೂ ಆರಾಮ ಎಂದು ಬರೆಯುವ ಜಾಗ ಇದು. ಅದನ್ನು ಬರೆಯಲಾರೆ. ಅದರ ಬದಲು ಈ ಒಂದು ತಿಂಗಳಲ್ಲಿ ಏನೇನು ಖರ್ಚಾಯಿತು ಎಂದು ಕೂಡಿಸಿದ್ದೇನೆ. ಪರಸವ್ವನ ಜೀವ. ಅಡುಗೆಮನೆಯ ಒಂದು ಗೋಡೆ, ಎರಡು ಒಲೆ. ನನ್ನ ಖಾನಾವಳಿಯ ಬಾಗಿಲು ಮುಚ್ಚಿದ್ದು ಹನ್ನೊಂದು ದಿನ. ಸುಳ್ಳು ಒಟ್ಟು ನಾಲ್ಕು: ನನ್ನವು ಮೂರು, ನಿನ್ನದು ಒಂದು. ನಾಲ್ಕರಲ್ಲಿ ನಿನ್ನದೇ ತುಟ್ಟಿ. ನನ್ನ ಮಾತನ್ನು ಜನ ಅರ್ಧ ನಂಬುತ್ತಾರೆ, ನಿನ್ನಂಥ ಸಾಲಿ ಅಕ್ಕೋರ ಮಾತನ್ನು ಪೂರ್ತಿ ನಂಬುತ್ತಾರೆ.

ರಜೆ ಹಾಕಿ ನಿಡೋಣಿಗೆ ಹೋಗಿ ಕುಳಿತವಳು ಒಂದೇ ಸಾಲಿನ ಕಾಗದ ಬರೆದಿದ್ದೀ: ವಾಸನೆ ಬರುತ್ತದೆ ಎಂದು ಪರಸವ್ವ ಹೇಳಿದ್ದಳೋ ಇಲ್ಲವೋ. ಫೋನಿನಲ್ಲಿ ಕೇಳಿದ್ದರೆ ನಡುವೆ ನೀನು ಅಳುತ್ತಿದ್ದೆ, ಅಷ್ಟರಲ್ಲಿ ನಾನು ಮಾತು ತಿರುಗಿಸಿಬಿಡುತ್ತಿದ್ದೆ. ಕಾಗದದಲ್ಲಿ ತಿರುಗಿಸಲು ಬರುವುದಿಲ್ಲ ಎಂದು ನಿನ್ನ ಲೆಕ್ಕ. ನೋಡೋಣ.

ನವೆಂಬರಿನಲ್ಲಿ ನೀನು ಮೂರನೆಯ ತರಗತಿಗೆ ಗಡಿಯಾರದ ಪಾಠ ಹಿಡಿದೆ. ಮಕ್ಕಳ ಕೈಲಿ ರಟ್ಟಿನ ಮುಳ್ಳು ಮಾಡಿಸಿದೆ. ಐದು ಗಡಿಯಾರ ಬರೆದು, ಆ ಹೊತ್ತಿಗೆ ಮನೆಯಲ್ಲಿ ಏನು ನಡೆಯಿತು ಎಂದು ಕೆಳಗೆ ಬರೆಯಿರಿ, ಕಣ್ಣಿಂದ ಕಂಡಿದ್ದನ್ನೇ ಬರೆಯಿರಿ, ಎಲ್ಲರೂ ತಂದು ಒಪ್ಪಿಸಲೇಬೇಕು ಅಂದೆ. ವಿಶಾಖಾಳ ಹಗಲಿನ ಮನೆ ಎಂದರೆ ನನ್ನ ಅಡುಗೆಮನೆ. ಅವಳ ಅವ್ವ ಪರಸವ್ವ ನನ್ನಲ್ಲಿ ರೊಟ್ಟಿ ಬಡಿಯುತ್ತಿದ್ದುದು ಏಳು ವರ್ಷ.

ಅವತ್ತು ಎಂಟನೆಯ ತಾರೀಖು, ಶನಿವಾರ. ಮುಂಜಾನೆ ಸಾಲಿ ಮುಗಿಸಿಕೊಂಡು ಹುಡುಗಿ ಎಂದಿನಂತೆ ಬಂದು ಹಿಟ್ಟಿನ ಡಬ್ಬಿಯ ಪಕ್ಕ ಕುಳಿತಳು. ಗೋಡೆ ನೋಡಿದಳು, ನೋಟ್‌ಬುಕ್ ತೆಗೆದಳು. “ಅಕ್ಕಾರ, ನಿಮ್ಮ ಗಡಿಯಾರ ಬರೋಬ್ಬರಿ ಐತೇನ್ರಿ?” ಅಂತ ಕೇಳಿದಳು. “ಗಿರಾಕಿ ಹಸಿವಿ ಹಿಂದಮುಂದ ಆಗ್ತೈತಿ, ನನ್ನ ಗಡಿಯಾರ ಆಗಂಗಿಲ್ಲ” ಅಂದೆ. ಅವ್ವ ಮಗಳು ಇಬ್ಬರೂ ನಕ್ಕರು.

ಬಸುರಿಯ ಕುಬುಸದ ಕಾರ್ಯವಿದ್ದ ಒಂದು ಮನೆಗೆ ಇನ್ನೂರು ರೊಟ್ಟಿ ಒಪ್ಪಿಕೊಂಡಿದ್ದೆ. ಒಂದು ಗಂಟೆಗೆ ಗಾಡಿ ಬರಬೇಕು. ರೊಟ್ಟಿ ಬಡಿಯುವ ಇನ್ನೊಬ್ಬಳು, ರೋಶನಬಿ, ಜ್ವರ ಬಂದು ಮಲಗಿದ್ದಳು. ಹನ್ನೆರಡೂ ಹತ್ತಕ್ಕೆ ಪರಸವ್ವ, “ಅಕ್ಕಾರ, ಗ್ಯಾಸಿನ ವಾಸನಿ ಬರಾಕತ್ತೈತಿ, ಪೈಪ್ ಒಮ್ಮೆ ನೋಡ್ರಿ” ಅಂದಳು. “ಕೆಲಸ ಬಿದ್ದಾಗ ಅಷ್ಟ ನಿನ್ನ ಮೂಗು ಎಚ್ಚರಾಗ್ತೈತೇನ ಬೇ? ಇನ್ನ ಎಂಬತ್ತು ರೊಟ್ಟಿ ಅದಾವ” ಅಂದೆ. ಹನ್ನೆರಡೂವರೆಗೆ ಮತ್ತೊಮ್ಮೆ, “ಒಂದ ಐದ ನಿಮಿಷ ಒಲಿ ಆರಸ್ತೇನ್ರಿ” ಅಂದಳು. “ಆರಿಸಿದ್ರ ಉಳಿದ ರೊಟ್ಟಿ ನಿಮ್ಮಪ್ಪ ಬಂದು ಬಡೀತಾನೇನ?” ಅಂದು ನಾನು ಮುಂದೆ ದುಡ್ಡಿನ ಗಲ್ಲೆಗೆ ಬಂದು ಕುಳಿತೆ.

ನಿನ್ನ ಪ್ರಶ್ನೆಗೆ ಉತ್ತರ ಇದು. ಹೇಳಿದ್ದಳು. ಎರಡು ಸಲ ಹೇಳಿದ್ದಳು.

ಹನ್ನೆರಡೂ ನಲವತ್ತಕ್ಕೆ ಬೆಂಕಿ ಹೊತ್ತಿತು. ಮರುದಿನ ದವಾಖಾನೆಯಲ್ಲಿ ಅವಳು ಹೋದಳು. ಹುಡುಗಿಯ ನೋಟ್‌ಬುಕ್ಕಿನಲ್ಲಿ ಪರಸವ್ವ ವಾಸನೆ ಎಂದ ಎರಡು ಹೊತ್ತೂ ಇದ್ದವು, ಇನ್ನೊಂದು ಗಡಿಯಾರಕ್ಕೆ ಜಾಗ ಉಳಿದಿತ್ತು. ಅದನ್ನೂ ತುಂಬಿದಳು: ನಾಲ್ಕೂ ಕಾಲು, ಅವ್ವ ಸತ್ತಳು. ಗುರುವಾರ ಸಾಲಿಗೆ ಬಂದು ನಿನ್ನ ಮೇಜಿನ ಮೇಲೆ ಇಟ್ಟಳು. ಎಲ್ಲರೂ ಒಪ್ಪಿಸಲೇಬೇಕು ಎಂದು ನೀನು ಹೇಳಿದ್ದೆಯಲ್ಲ.

ಆ ಸಂಜೆ ನೋಟ್‌ಬುಕ್ ಸೆರಗಿನಲ್ಲಿ ಮುಚ್ಚಿಕೊಂಡು ನೀನು ನನ್ನ ಮನೆಗೆ ಬಂದೆ. ಅಷ್ಟರಲ್ಲಿ ನಾನು ಪೊಲೀಸರಿಗೆ ಹೇಳಿಕೆ ಕೊಟ್ಟಾಗಿತ್ತು: ಪರಸವ್ವ ನನಗೆ ಏನೂ ಹೇಳಲಿಲ್ಲ, ನೋಡದೆ ಒಲೆ ಹಚ್ಚಿದಳು ಎಂದು. ಇದು ಮೊದಲನೆಯ ಸುಳ್ಳು. ನನ್ನ ಗಡಿಯಾರ ಅರ್ಧ ತಾಸು ಮುಂದಿರುತ್ತದೆ, ಕೂಸು ಏನೋ ನೋಡಿ ಏನೋ ಬರೆದಿದೆ ಎಂದು ನಿನಗೆ ಹೇಳಿದ್ದು ಎರಡನೆಯದು. ನೀನು ಟೀಚರ್ ಟ್ರೇನಿಂಗ್ ಮಾಡುವಾಗ ಎರಡು ವರ್ಷ ನನ್ನ ಒಲೆಯ ಮುಂದೆ ಕುಳಿತು ಉಂಡವಳು. ಅದನ್ನು ನಾನು ಬಾಯಿ ಬಿಟ್ಟು ನೆನಪಿಸಲಿಲ್ಲ. ಊಟಕ್ಕೆ ಏಳು ಅಂದೆ, ಅಷ್ಟೇ. ಅಷ್ಟು ಸಾಕಾಯಿತು.

ಪರಸವ್ವನ ಅಣ್ಣ ರಾಜಾರಾಮ ಬಿಡಲಿಲ್ಲ. ಕೂಸು ಎಲ್ಲ ಬರೆದಿಟ್ಟಾಳ ಎಂದು ಠಾಣೆಯಲ್ಲಿ ಕುಳಿತ. ಹವಾಲ್ದಾರ ಸಾಲಿಗೆ ಬಂದ. ಗಡಿಯಾರದ ಪಾಠ ಈ ತಿಂಗಳಷ್ಟೇ ಸುರುವಾಗಿದೆ, ಈ ಹುಡುಗಿಗೆ ಇನ್ನೂ ಗಂಟೆ ಓದಲು ಬರುವುದಿಲ್ಲ, ನೋಟ್‌ಬುಕ್ ಎಲ್ಲಿದೆಯೋ ಗೊತ್ತಿಲ್ಲ ಅಂದೆ ನೀನು. ಅವನು ಕೈಗಡಿಯಾರ ಮುಂದೆ ಹಿಡಿದು, “ಎಷ್ಟ ಗಂಟಿ ಆತು ಹೇಳವ್ವಾ” ಅಂದನಂತೆ. ವಿಶಾಖಾ ಗಡಿಯಾರ ನೋಡಲಿಲ್ಲ, ನಿನ್ನನ್ನು ನೋಡಿದಳು, ಆಮೇಲೆ “ಬರಂಗಿಲ್ರಿ” ಅಂದಳು ಎಂದು ನೀನೇ ಹೇಳಿ ಅತ್ತೆ. ಇಡೀ ತರಗತಿಯಲ್ಲಿ ಮೊದಲು ಕಲಿತವಳು ಅವಳೇ ಎಂದೂ ಆವತ್ತೇ ಹೇಳಿದೆ.

ನನ್ನ ಮೂರನೆಯದು ಸುಳ್ಳೆಂದು ನಿನಗೂ ಗೊತ್ತಿಲ್ಲ. ಬೆಂಕಿಗೆ ಐದು ನಿಮಿಷ ಮೊದಲು ಲಿಂಬೆಹಣ್ಣು ತರಲು ಹುಡುಗಿಯನ್ನು ಹೊರಗೆ ಕಳಿಸಿದ್ದು ನಾನು, ನನ್ನಿಂದ ಒಂದು ಜೀವ ಉಳಿಯಿತು ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದೆ. ಜನ ಕೈಮುಗಿದರು. ನಾನು ಕಳಿಸಿರಲಿಲ್ಲ, ಕಸ್ತೂರಿ. ಅವಳು ನೋಟ್‌ಬುಕ್ ಬಗಲಲ್ಲಿ ಹಿಡಿದು ಗಲ್ಲೆಯ ಮುಂದೆ ಓಡುವಾಗ, ಎಲ್ಲಿಗೆ ಅಂದೆ. “ಅವ್ವ ಲಿಂಬಿಹಣ್ಣು ತಾ ಅಂದಾಳ್ರಿ, ಗುಡಿ ಮುಂದಿಂದ ತಾ, ಸನೇದ ಅಂಗಡ್ಯಾಗ ಬ್ಯಾಡ ಅಂದಾಳ್ರಿ” ಅಂದಳು. ನನ್ನ ಅಡುಗೆಮನೆಯಲ್ಲಿ ಲಿಂಬೆಹಣ್ಣು ಬುಟ್ಟಿ ತುಂಬ ಇದ್ದವು. ಪರಸವ್ವನ ಕೈಯ ಹತ್ತಿರವೇ ಇದ್ದವು. ಮಗಳನ್ನು ದೂರ ಕಳಿಸಿ, ತಾನು ತಿರುಗಿ ರೊಟ್ಟಿ ಬಡಿಯಲು ಕುಳಿತಳು. ಹೊರಗೆ ಬಂದರೆ ನಾನು ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನಿಜವಾಗಿ ಬಿಟ್ಟುಕೊಳ್ಳುತ್ತಿರಲಿಲ್ಲ.

ನೋಟ್‌ಬುಕ್ ನಿನ್ನ ಹತ್ತಿರವಿದೆ. ಅದನ್ನು ಠಾಣೆಗೆ ಕೊಟ್ಟರೆ ಮೊದಲು ಹೋಗುವುದು ನಿನ್ನ ನೌಕರಿ, ಆಮೇಲೆ ನನ್ನ ಖಾನಾವಳಿ. ಹೆದರಿಸಲು ಬರೆದದ್ದಲ್ಲ ಎಂದು ಬರೆದರೆ ಅದು ಐದನೆಯ ಸುಳ್ಳಾಗುತ್ತದೆ. ಈ ಕಾಗದವನ್ನು ಓದಿ ಹರಿದುಹಾಕು ಎಂದು ಮಾತ್ರ ಹೇಳುವುದಿಲ್ಲ. ಇಟ್ಟುಕೋ. ಅಷ್ಟು ಮಾತ್ರ ನನ್ನಿಂದ ಆಗುತ್ತದೆ.

ನಿನ್ನ,
ನೀಲಾಬಾಯಿ

ತಾ.ಕ.: ನಿನ್ನೆ ತಿಕೋಟಾಕ್ಕೆ ಹೋಗಿದ್ದೆ. ವಿಶಾಖಾ ಈಗ ಸೋದರಮಾವ ರಾಜಾರಾಮನ ಮನೆಯಲ್ಲಿದ್ದಾಳೆ. ಅವನು ನನ್ನನ್ನು ಒಳಗೆ ಕರೆಯಲಿಲ್ಲ, ಹುಡುಗಿಯೇ ಹೊರಗೆ ಬಂದಳು. ಅಲ್ಲಿನ ಸಾಲಿಯಲ್ಲಿ ಗಡಿಯಾರದ ಪಾಠ ಈ ತಿಂಗಳು ನಡೆದಿದೆ. ಉಳಿದದ್ದೆಲ್ಲ ಬರೆಯುತ್ತಾಳೆ, ಆ ಪುಟ ಮಾತ್ರ ಖಾಲಿ ಬಿಡುತ್ತಾಳೆ ಎಂದು ಅವನು ಬಾಗಿಲಲ್ಲೇ ನಿಂತು ಹೇಳಿದ. ನನ್ನ ಕೈಗಡಿಯಾರ ತೋರಿಸಿ, “ಎಷ್ಟಾತ ಹೇಳ ನೋಡೋಣ” ಅಂದೆ. ನನ್ನ ಮುಖವನ್ನೇ ನೋಡಿದಳು. “ಎಷ್ಟಂತ ಹೇಳ್ಲಿ ಅಕ್ಕಾರ?” ಅಂದಳು.

ಬರುವಾಗ ಬಸ್ಸಿನಲ್ಲಿ ಕುಳಿತು, ಯಾರಿಗೆ ಏನು ಸಿಕ್ಕಿತು ಎಂದು ಕೂಡಿಸಿದೆ. ಹವಾಲ್ದಾರನಿಗೆ ಮುಗಿದ ಕಡತ. ನನಗೆ ಖಾನಾವಳಿ, ಮೊದಲಿನಷ್ಟೇ ಗಿರಾಕಿ. ನಿನಗೆ ನೌಕರಿ. ರಾಜಾರಾಮನಿಗೆ ಸಾಕಲು ಒಂದು ಕೂಸು. ವಿಶಾಖಾಳಿಗೆ ಅವಳ ಜೀವ. ಅದನ್ನು ಕೊಟ್ಟವಳು ಪರಸವ್ವ, ನಮ್ಮಲ್ಲಿ ಯಾರೂ ಅಲ್ಲ.